ಕೊಳೆತ ಮಾಂಸದ ವಾಸನೆಯ ನಕ್ಷತ್ರ: ಒಂದು ಕುಂಡದ ಹಿಂದಿನ 400 ವರ್ಷ

1/10
ಈ ಫೋಟೋ ನೋಡಿದವರು ಮೊದಲು ಕೇಳೋದು, "ಇದು ಸ್ಟಾರ್‌ಫಿಶ್ಶಾ, ಹೂವಾ?" ಅಂತ. ಹೂವೇ! ಐದು ಎಸಳು, ತೆಳು ಹಳದಿ ಬಣ್ಣ, ಮೈತುಂಬಾ ಕೆಂಪು-ಕಂದು ಅಲೆಅಲೆ ಗೆರೆ, ಮೇಲೆ ಸಣ್ಣ ಸಣ್ಣ ರೋಮ. ಅಗಲ ಊಟದ ತಟ್ಟೆಯಷ್ಟು. ಸಾಮಾನ್ಯವಾಗಿ 25 ಸೆಂಟಿಮೀಟರ್ ಆಸುಪಾಸು, ಚೆನ್ನಾಗಿ ಬೆಳೆದರೆ 35 ಕೂಡ ಮುಟ್ಟುತ್ತೆ. ಗಿಡ ನೋಡಿದರೆ ಇಷ್ಟು ದೊಡ್ಡ ಹೂ ಬಿಡುತ್ತೆ ಅಂತ ನಂಬೋಕೇ ಆಗಲ್ಲ. ಎಲೆ ಇಲ್ಲ. ಹೆಬ್ಬೆರಳು ದಪ್ಪದ, ನಾಲ್ಕು ಏಣಿನ, ಮಖಮಲ್ಲಿನಂತೆ ಮೆತ್ತಗಿರೋ ಹಸಿರು ಕಾಂಡಗಳ ಗುಂಪು, ಅಷ್ಟೇ. ಎತ್ತರ ಒಂದು ಗೇಣು.

ವಾಸನೆ ಮಾತ್ರ ಫೋಟೋದಲ್ಲಿ ಬರಲ್ಲ, ಅದು ನಿಮ್ಮ ಪುಣ್ಯ. ಸತ್ತ ಇಲಿ ಬೀರುವಿನ ಹಿಂದೆ ಎರಡು ದಿನ ಬಿದ್ದಿದ್ದರೆ ಹೇಗಿರುತ್ತೋ ಹಾಗಿರುತ್ತೆ.

ಇದರ ಹೆಸರು ಸ್ಟೆಪೀಲಿಯಾ ಜೈಗ್ಯಾಂಟಿಯಾ. ನರ್ಸರಿಗಳಲ್ಲಿ "ಸ್ಟಾರ್‌ಫಿಶ್ ಕ್ಯಾಕ್ಟಸ್" ಅಂತ ಮಾರ್ತಾರೆ, ಆದರೆ ಇದು ಕ್ಯಾಕ್ಟಸ್ ಅಲ್ಲ. ಇನ್ನೊಂದು ವ್ಯಾಪಾರದ ಹೆಸರು "ಝುಲು ಜೈಂಟ್". ಈ ಹೆಸರನ್ನ ನೆನಪಿಟ್ಟುಕೊಳ್ಳಿ, 6ನೇ ಭಾಗದಲ್ಲಿ ಬೇಕಾಗುತ್ತೆ.

ಹತ್ತು ಭಾಗದ ಈ ಸರಣಿಯಲ್ಲಿ ಗಿಡ ಬೆಳೆಸೋದು ಹೇಗೆ ಅಂತ ಖಂಡಿತ ಹೇಳ್ತೀನಿ. ಅದಕ್ಕೂ ಮೊದಲು ಒಂದು ಪ್ರಶ್ನೆ. ಈ ಗಿಡಗಳ ಹೆಸರುಗಳ ಒಳಗೆ ಡಾಕ್ಟರು, ಪಾದ್ರಿ, ಗವರ್ನರು ಎಲ್ಲ ಕೂತಿದ್ದಾರೆ. ಅವುಗಳ ಜೊತೆ ಸಾವಿರಾರು ವರ್ಷ ಬದುಕಿದ ಜನ ಮಾತ್ರ ಅಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಒಂದು ಹೆಸರು ಮಾತ್ರ ಬೇರೆ ಥರ, ಅದೂ ನಮ್ಮ ಪಕ್ಕದ ಮನೆ ಭಾಷೆಯಿಂದ ಹೋದದ್ದು. ಅದು ಯಾಕೆ ಮುಖ್ಯ ಅಂತ ನೋಡೋಣ ಬನ್ನಿ.

2/10
ಮೊದಲು ಗಿಡದ ಪರಿಚಯ ಆಗಲಿ.

ರಸ್ತೆ ಪಕ್ಕದ ಎಕ್ಕದ ಗಿಡ ನಿಮಗೆಲ್ಲ ಗೊತ್ತು. ಅದರ ಕಾಯಿ ಒಡೆದಾಗ ರೇಷ್ಮೆ ಕೂದಲು ಕಟ್ಟಿಕೊಂಡು ಬೀಜ ಹಾರುತ್ತಲ್ಲ, ಚಿಕ್ಕವರಿದ್ದಾಗ ಊದಿ ಓಡಿಸಿರ್ತೀರಿ. ಸ್ಟೆಪೀಲಿಯಾ ಆ ಎಕ್ಕದ ನೆಂಟ. ಇದರ ಕಾಯಿಯೂ ಜೋಡಿ ಕೊಂಬಿನ ಥರ ಬರುತ್ತೆ, ಒಡೆದರೆ ಅದೇ ಕೂದಲ ಬೀಜ. ಕಣಗಿಲೆ, ನಿತ್ಯಪುಷ್ಪ ಎಲ್ಲ ಇದೇ ದೊಡ್ಡ ಕುಟುಂಬಕ್ಕೆ ಸೇರಿದವು. ಕ್ಯಾಕ್ಟಸ್ ಕುಟುಂಬವೇ ಬೇರೆ, ಅದರ ತವರು ಅಮೆರಿಕ ಖಂಡ. ಸ್ಟೆಪೀಲಿಯಾ ಆಫ್ರಿಕದ್ದು. ನೀರು ಕಮ್ಮಿ ಇರೋ ಕಡೆ ಬದುಕಬೇಕು ಅಂದಾಗ ಎರಡೂ ಎಲೆ ಬಿಟ್ಟು ಕಾಂಡದಲ್ಲೇ ನೀರು ತುಂಬಿಕೊಂಡವು. ಒಂದೇ ಕಷ್ಟಕ್ಕೆ ಎರಡು ಮನೆಯವರು ಒಂದೇ ಉಪಾಯ ಮಾಡಿದ ಹಾಗೆ.

ಇನ್ನು ವಾಸನೆ. ಇದರ ಪರಾಗಸ್ಪರ್ಶ ಮಾಡೋದು ಜೇನಲ್ಲ, ಮಾಂಸದ ಮೇಲೆ ಕೂರೋ ನೊಣ. ಹಸಿ ಮಾಂಸದ ಬಣ್ಣ, ಚರ್ಮದ ಮೇಲಿನ ಕೂದಲಿನಂಥ ರೋಮ, ಕೊಳೆತ ವಾಸನೆ, ಇಷ್ಟೂ ಸೇರಿ ನೊಣಕ್ಕೆ "ಇಲ್ಲೊಂದು ಹೆಣ ಇದೆ" ಅಂತ ಸುಳ್ಳು ಹೇಳ್ತವೆ. ನೊಣ ನಂಬಿ ಬರುತ್ತೆ, ಹೂವಿನ ನಡುವೆ ಓಡಾಡುತ್ತೆ. ಎಕ್ಕದಲ್ಲಿ ಇರೋ ಹಾಗೇ ಇಲ್ಲೂ ಪರಾಗ ಪುಡಿಯಾಗಿರಲ್ಲ, ಪುಟ್ಟ ಪೊಟ್ಟಣ ಕಟ್ಟಿಟ್ಟಿರುತ್ತೆ. ಆ ಪೊಟ್ಟಣ ನೊಣದ ಕಾಲಿಗೋ ಬಾಯಿಗೋ ಸಿಕ್ಕಿಹಾಕಿಕೊಂಡು ಇನ್ನೊಂದು ಹೂವಿಗೆ ಹೋಗುತ್ತೆ.

ಎಷ್ಟೋ ಸಲ ನೊಣ ಪೂರ್ತಿ ಮೋಸ ಹೋಗಿ ಹೂವಿನ ಮೇಲೇ ಮೊಟ್ಟೆ ಇಡುತ್ತೆ. ಹೊರಬಂದ ಮರಿಹುಳಕ್ಕೆ ತಿನ್ನೋಕೆ ಮಾಂಸವೇ ಇಲ್ಲ, ಹಸಿದು ಸಾಯುತ್ತೆ. ಹೂವಿಗೆ ತನ್ನ ಕೆಲಸ ಆಯ್ತು, ನೊಣಕ್ಕೆ ಏನೂ ಸಿಗಲಿಲ್ಲ.

ಒಬ್ಬರು ತಗೊಂಡು ಹೋಗೋದು, ಇನ್ನೊಬ್ಬರ ಕೈ ಖಾಲಿ. ಇದೇ ಲೆಕ್ಕ ಮುಂದೆ ಮನುಷ್ಯರ ಕಥೆಯಲ್ಲೂ ಬರುತ್ತೆ.

3/10
1624. ಹಾಲೆಂಡಿನಿಂದ ಬಟಾವಿಯಾಕ್ಕೆ, ಅಂದರೆ ಇವತ್ತಿನ ಜಕಾರ್ತಾಕ್ಕೆ ಹೊರಟ ಹಡಗೊಂದು ದಾರಿಯಲ್ಲಿ ಆಫ್ರಿಕದ ತುದಿಯ ಗುಡ್ ಹೋಪ್ ಭೂಶಿರದಲ್ಲಿ ನಿಲ್ಲುತ್ತೆ. ಆಗಿನ್ನೂ ಅಲ್ಲಿ ಡಚ್ಚರ ಊರಿಲ್ಲ. ಅವರು ಬಂದು ನೆಲೆಯೂರಿದ್ದು 1652ರಲ್ಲಿ. ದನ ಕುರಿ ಮೇಯಿಸುವ ಖೊಯ್‌ಖೊಯ್ ಜನ, ಬೇಟೆ ಮತ್ತು ಗೆಡ್ಡೆಗೆಣಸನ್ನ ನಂಬಿದ ಸಾನ್ ಜನ, ಇವರದ್ದು ಆ ನೆಲ.

ಆ ಹಡಗಿನಲ್ಲಿ ಯೂಸ್ಟಸ್ ಹ್ಯೂರ್ನಿಯಸ್ ಅನ್ನೋ ಪಾದ್ರಿ ಇದ್ದ. ವೈದ್ಯಶಾಸ್ತ್ರವನ್ನೂ ಓದಿಕೊಂಡಿದ್ದ. ದಡಕ್ಕಿಳಿದಾಗ ಕಂಡ ಕೆಲವು ವಿಚಿತ್ರ ಗಿಡಗಳ ಚಿತ್ರ ಬರೆದು, ಲೈಡನ್‌ನಲ್ಲಿದ್ದ ತನ್ನ ಅಣ್ಣತಮ್ಮಂದಿರಲ್ಲಿ ಒಬ್ಬನಾದ ಓಟೋಗೆ ಕಳಿಸಿದ. ಅದರಲ್ಲಿ ಒಂದು ಎಲೆಯಿಲ್ಲದ ಗಿಡ, ಚುಕ್ಕೆಚುಕ್ಕೆಯ ನಕ್ಷತ್ರದಂಥ ಹೂ.

ಆ ಚಿತ್ರ ಆಮ್‌ಸ್ಟರ್‌ಡ್ಯಾಮಿನ ವೈದ್ಯ ಯೊಹಾನೆಸ್ ಬೊಡೇಯಸ್ ಫಾನ್ ಸ್ಟಾಪೆಲ್ ಕೈಗೆ ಬಂತು. ಆತ ಗ್ರೀಕ್ ಪಂಡಿತ ಥಿಯೊಫ್ರಾಸ್ಟಸ್‌ನ ಸಸ್ಯಗಳ ಪುಸ್ತಕವನ್ನ ವಿವರಣೆ ಸಮೇತ ಸಿದ್ಧ ಮಾಡ್ತಿದ್ದ. 1636ರಲ್ಲಿ ತೀರಿಕೊಂಡ. ಪುಸ್ತಕ ಅಚ್ಚಾಗಿದ್ದು 1644ರಲ್ಲಿ, ಚಿತ್ರ ಅದರೊಳಗೆ ಸೇರಿತ್ತು. ಯುರೋಪಿನ ಪುಸ್ತಕದಲ್ಲಿ ಈ ಗುಂಪಿನ ಗಿಡ ಮೊದಲು ಕಾಣಿಸಿಕೊಂಡಿದ್ದು ಹೀಗೆ.

ಸುಮಾರು ನೂರು ವರ್ಷ ಆದ ಮೇಲೆ, 1737ರಲ್ಲಿ, ಸ್ವೀಡನ್ನಿನ ಕಾರ್ಲ್ ಲಿನೇಯಸ್ ಈ ಗಿಡಗಳಿಗೆ ಹೆಸರಿಡೋಕೆ ಕೂತ. ಆರಿಸಿಕೊಂಡಿದ್ದು ಸ್ಟಾಪೆಲ್ ಹೆಸರನ್ನ. ಸ್ಟೆಪೀಲಿಯಾ ಆಯ್ತು.

ಸ್ಟಾಪೆಲ್ ಕೆಲಸ ಮಾಡಿದ್ದು ಚಿತ್ರ ಇಟ್ಟುಕೊಂಡು. ಆ ಗಿಡ ನಿಂತಿದ್ದ ನೆಲದಲ್ಲಿ ಅದನ್ನ ದಿನಾ ನೋಡ್ತಿದ್ದ ಜನ ಇದ್ದರು, ಅವರ ಬಾಯಲ್ಲಿ ಅದಕ್ಕೆ ಮಾತುಗಳೂ ಇದ್ದವು. ಅವನ್ನ ಕೇಳಿ ಬರೆದುಕೊಳ್ಳೋದು ಹೆಸರಿಡೋ ಪದ್ಧತಿಯ ಭಾಗ ಆಗಿರಲಿಲ್ಲ. ನೋಡಿ, ಕ್ರೌರ್ಯವೇನೂ ಇಲ್ಲದೆ, ಬರೀ ಅಭ್ಯಾಸದಿಂದಲೇ ಒಂದು ಊರಿನ ಜ್ಞಾನ ದಾಖಲೆಯಿಂದ ಹೊರಗುಳಿಯುತ್ತೆ.

4/10
ಮುಂದಿನ ಹೆಸರು ಫ್ರಾನ್ಸಿಸ್ ಮ್ಯಾಸನ್. 1741ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಹುಟ್ಟಿದ. ಲಂಡನ್ ಪಕ್ಕದ ಕ್ಯೂ ಉದ್ಯಾನದಲ್ಲಿ ತೋಟದ ಕೆಲಸಕ್ಕಿದ್ದ. ಗಿಡ ತರೋದಕ್ಕೆಂದೇ ಆ ಉದ್ಯಾನ ಹೊರದೇಶಕ್ಕೆ ಕಳಿಸಿದ ಮೊದಲ ಮನುಷ್ಯ ಇವನೇ.

1772ರಲ್ಲಿ ಕ್ಯಾಪ್ಟನ್ ಕುಕ್‌ನ ಹಡಗು ಹತ್ತಿ ಕೇಪ್‌ಗೆ ಬಂದ. ಎತ್ತಿನ ಗಾಡಿ ಕಟ್ಟಿಕೊಂಡು ಒಳನಾಡು ಸುತ್ತಿದ. ಗಾಡಿ ಹೊಡೆದವರು, ದಾರಿ, ನೀರು ತೋರಿಸಿದವರಲ್ಲಿ ಖೊಯ್‌ಖೊಯ್ ಜನ ಇದ್ದರು. ಲಿನೇಯಸ್‌ನ ಶಿಷ್ಯ ಥುನ್‌ಬರ್ಗ್ ಕೂಡ ಎರಡು ಪ್ರವಾಸಗಳಲ್ಲಿ ಜೊತೆಯಾದ. 1775ರಲ್ಲಿ ಮ್ಯಾಸನ್ ಹಿಂತಿರುಗಿದಾಗ ತಂದ ಒಂದು ಸೈಕಡ್ ಗಿಡ ಇವತ್ತಿಗೂ ಕ್ಯೂನಲ್ಲಿ ಕುಂಡದಲ್ಲೇ ಬದುಕಿದೆ. ಜಗತ್ತಿನ ಅತಿ ಹಳೆಯ ಕುಂಡದ ಗಿಡ ಅಂತ ಅದನ್ನ ತೋರಿಸ್ತಾರೆ.

1786ರಲ್ಲಿ ಮತ್ತೆ ಕೇಪ್‌ಗೆ ಬಂದ. ಈ ಸಲ ಡಚ್ ಆಡಳಿತಕ್ಕೆ ಬ್ರಿಟಿಷರ ಮೇಲೆ ಅನುಮಾನ, ಹಾಗಾಗಿ ಅವನ ಓಡಾಟಕ್ಕೆ ಕಟ್ಟುಪಾಡು ಇತ್ತು. ಕೇಪ್ ಟೌನ್‌ನಲ್ಲಿ ಒಂದು ತೋಟ ಮಾಡಿ ಅಲ್ಲೇ ಗಿಡಗಳನ್ನ ಸಾಕಿದ. ಕಾಡಿನಲ್ಲಿ ಮತ್ತು ಈ ತೋಟದಲ್ಲಿ ನೋಡಿದ್ದನ್ನ ಸ್ವತಃ ಚಿತ್ರ ಬರೆದ. 1796ರಿಂದ ಲಂಡನ್ನಿನಲ್ಲಿ ಆ ಚಿತ್ರಗಳು 'ಸ್ಟೆಪೀಲಿಯೇ ನೋವೇ' ಅನ್ನೋ ಪುಸ್ತಕವಾಗಿ ಹೊರಬಂದವು. ಒಟ್ಟು 41 ಚಿತ್ರ. 1753ರಲ್ಲಿ ಲಿನೇಯಸ್ ಪಟ್ಟಿಯಲ್ಲಿ ಸ್ಟೆಪೀಲಿಯಾ ಅಂತ ಇದ್ದಿದ್ದು ಬರೀ ಎರಡು ಜಾತಿ! ಯುರೋಪಿನ ಗಾಜಿನ ಮನೆಗಳಲ್ಲಿ ಈ ವಾಸನೆ ಹೂವಿನ ಶೋಕಿ ಬೆಳೆಯೋಕೆ ಈ ಪುಸ್ತಕ ದೊಡ್ಡ ಕಾರಣ.

ಗಿಡ ಸಾಕೋರಿಗೆ ಇಲ್ಲಿ ಒಂದು ಪಾಠ ಇದೆ. ಕಾಡಿನಲ್ಲಿ ಇವು ಬಟಾಬಯಲಿನ ಸುಡುಬಿಸಿಲಲ್ಲಿ ನಿಂತಿರೋದು ಕಡಿಮೆ. ಪೊದೆಯ ಬುಡದಲ್ಲಿ, ಬಂಡೆಯ ಸಂದಿನಲ್ಲಿ, ಅರ್ಧ ನೆರಳಿನಲ್ಲಿ ಇರ್ತವೆ. "ಮರುಭೂಮಿ ಗಿಡ ಅಲ್ವಾ" ಅಂತ ಏಪ್ರಿಲ್ ತಿಂಗಳ ರಾಯಚೂರು ಬಿಸಿಲಿಗೆ ಇಟ್ಟರೆ ಕಾಂಡ ಕೆಂಪಾಗಿ ಸುಕ್ಕುಗಟ್ಟುತ್ತೆ.

5/10
ಈಗ ನಮ್ಮ ಕಡೆಗೆ ಬರೋಣ. ಸ್ಟೆಪೀಲಿಯಾದ ನೆಂಟರು ನಮ್ಮಲ್ಲೂ ಇದ್ದಾರೆ, ಯಾರೂ ತಂದು ನೆಟ್ಟವರಲ್ಲ, ಇಲ್ಲಿಯವರೇ.

ವಿಲಿಯಂ ರಾಕ್ಸ್‌ಬರ್ಗ್ ಈಸ್ಟ್ ಇಂಡಿಯಾ ಕಂಪನಿಯ ಡಾಕ್ಟರು. 1780ರ ದಶಕದಲ್ಲಿ ಆಂಧ್ರದ ಕಾಕಿನಾಡ ಹತ್ತಿರದ ಸಾಮರ್ಲಕೋಟದಲ್ಲಿ ಇದ್ದ. ಸುತ್ತಲಿನ ಗಿಡಗಳ ಚಿತ್ರ ಬರೆಯೋಕೆ ಸ್ಥಳೀಯ ಚಿತ್ರಕಾರರನ್ನ ಇಟ್ಟುಕೊಂಡಿದ್ದ. 1795ರಿಂದ ಆ ಚಿತ್ರಗಳು 'ಕೋರಮಂಡಲ ತೀರದ ಸಸ್ಯಗಳು' ಅನ್ನೋ ದೊಡ್ಡ ಪುಸ್ತಕವಾಗಿ ಲಂಡನ್ನಿನಲ್ಲಿ ಅಚ್ಚಾದವು.

ಅದರಲ್ಲಿ ಒಂದು ಸಣಕಲು ಗಿಡ ಇದೆ. ನಾಲ್ಕು ಏಣಿನ, ಮೇಲಕ್ಕೆ ಹೋಗ್ತಾ ಸಣ್ಣಗಾಗೋ ಕಾಂಡ, ತುದಿಯಲ್ಲಿ ಪುಟ್ಟ ಪುಟ್ಟ ಹೂ. ಆಗಿನ ಲೆಕ್ಕದಲ್ಲಿ ಇದನ್ನೂ ಸ್ಟೆಪೀಲಿಯಾ ಅಂತಲೇ ಕರೆದ. ಆದರೆ ಪಕ್ಕದಲ್ಲಿ ಇನ್ನೊಂದು ಮಾತು ಬರೆದುಕೊಂಡ. ತೆಲುಗು ಜನ ಇದನ್ನ "ಕಾರಲ್ಲಮ್" ಅಂತಾರೆ, ಕಾಂಡವನ್ನ ತಿಂತಾರೆ.

1810ರಲ್ಲಿ ರಾಬರ್ಟ್ ಬ್ರೌನ್ ಅನ್ನೋ ಸಸ್ಯಶಾಸ್ತ್ರಜ್ಞ ಎಕ್ಕದ ಬಳಗವನ್ನೆಲ್ಲ ಹೊಸದಾಗಿ ವಿಂಗಡಿಸಿದ. ಸ್ಟೆಪೀಲಿಯಾ ಗುಂಪನ್ನ ಒಡೆದು ಹೊಸ ಕುಲಗಳನ್ನ ಮಾಡಿದ. ಅದರಲ್ಲಿ ಎರಡು ಹೆಸರು ಗಮನಿಸಿ. ಒಂದು 'ಹುಯೆರ್ನಿಯಾ'. 1624ರ ನಮ್ಮ ಪಾದ್ರಿ ಹ್ಯೂರ್ನಿಯಸ್‌ನ ಗೌರವಕ್ಕೆ ಇಟ್ಟಿದ್ದು, ಆದರೆ ಸ್ಪೆಲ್ಲಿಂಗ್ ತಪ್ಪಿಹೋಗಿದೆ, ಎರಡಕ್ಷರ ಅದಲುಬದಲು. 200 ವರ್ಷ ಆದರೂ ಹಾಗೇ ಉಳಿದಿದೆ. ನರ್ಸರಿಯಲ್ಲಿ ಹೂವಿನ ನಡುವೆ ಹೊಳೆಯೋ ಉದ್ದಿನವಡೆ ಇಟ್ಟ ಹಾಗೆ ಕಾಣೋ 'ಲೈಫ್‌ಸೇವರ್' ಗಿಡ ಸಿಗುತ್ತಲ್ಲ, ಅದೇ ಹುಯೆರ್ನಿಯಾ.

ಇನ್ನೊಂದು 'ಕಾರಲ್ಲೂಮಾ'. ಹಳ್ಳಿಯವರು ಕರೀತಿದ್ದ ತೆಲುಗು ಮಾತು ಸೀದಾ ಲ್ಯಾಟಿನ್‌ಗೆ! ಇದು ಅರಬ್ಬಿ ಪದ ಇರಬಹುದು ಅಂತ ಮುಂದೆ ಕೆಲವರು ವಾದ ಮಾಡಿದರು. ಆದರೆ ಬ್ರೌನ್‌ಗಿಂತ ಮೊದಲೇ ರಾಕ್ಸ್‌ಬರ್ಗ್ ಪುಟದಲ್ಲಿ ತೆಲುಗು ಹೆಸರು ಕೂತಿದೆ. ಯಾರೋ ಒಬ್ಬ ಡಾಕ್ಟರು "ನೀವು ಇದನ್ನ ಏನಂತೀರಿ?" ಅಂತ ಕೇಳಿದ, ಯಾರೋ ಹೇಳಿದರು, ಆತ ಬರೆದುಕೊಂಡ. ಅಷ್ಟೇ ಆಗಿದ್ದು. ಆದರೆ ಆ ಒಂದು ಪ್ರಶ್ನೆಯಿಂದಾಗಿ, ಆ ಜನಕ್ಕೆ ಈ ಗಿಡ ಗೊತ್ತಿತ್ತು ಅನ್ನೋದಕ್ಕೆ ಇವತ್ತು ಅಳಿಸಲಾಗದ ಸಾಕ್ಷಿ ಇದೆ.

ಕರ್ನಾಟಕದ ಒಣ ಗುಡ್ಡಗಳಲ್ಲಿ, ಮುಳ್ಳುಪೊದೆಗಳ ಬುಡದಲ್ಲಿ, ಬಂಡೆಗಳ ಸಂದಿನಲ್ಲಿ ಕಾರಲ್ಲೂಮಾ ಈಗಲೂ ಇದೆ.

6/10
ಎಲ್ಲ ಗಿಡಕ್ಕೂ ಈ ಅದೃಷ್ಟ ಸಿಗಲಿಲ್ಲ. ಮಹಾರಾಷ್ಟ್ರದ ಜುನ್ನರ್ ಪಕ್ಕದ ಶಿವನೇರಿ ಕೋಟೆ ಗೊತ್ತಲ್ಲ, ಶಿವಾಜಿ ಹುಟ್ಟಿದ ಜಾಗ. ಆ ಕೋಟೆಯ ಕಡಿದಾದ ಬಂಡೆಗಳ ಮೇಲೆ ಇನ್ನೊಬ್ಬ ನೆಂಟ ಇದ್ದಾನೆ. ಮಳೆಗಾಲದಲ್ಲಿ ದಪ್ಪ ಎಲೆ ಬಿಡ್ತಾನೆ, ಒಣಗಾಲದಲ್ಲಿ ಉದುರಿಸ್ತಾನೆ. ಈ ಗುಂಪಿನಲ್ಲಿ ಇಷ್ಟು ಸರಿಯಾದ ಎಲೆ ಇರೋದೇ ಅಪರೂಪ. ಹೂ ನಾಣ್ಯದಷ್ಟು, ಕಡುಗೆಂಪು, ಮೇಲೆ ಹಳದಿ ಗುರುತು. ಮಹಾರಾಷ್ಟ್ರದ ಕೆಲವೇ ಗುಡ್ಡಗಳನ್ನ ಬಿಟ್ಟರೆ ಜಗತ್ತಿನ ಬೇರೆ ಯಾವ ಕಾಡಿನಲ್ಲೂ ಇಲ್ಲ.

1860ರ ದಶಕದಲ್ಲಿ ಡಾಲ್ಜೆಲ್ ಅನ್ನೋ ಅರಣ್ಯಾಧಿಕಾರಿ ಇದನ್ನ ವಿವರಿಸಿ 'ಫ್ರೆರಿಯಾ ಇಂಡಿಕಾ' ಅಂತ ಹೆಸರಿಟ್ಟ. ಯಾಕೆ ಫ್ರೆರಿಯಾ? ಆಗ ಬಾಂಬೆ ಗವರ್ನರ್ ಆಗಿದ್ದವರು ಸರ್ ಬಾರ್ಟ್ಲ್ ಫ್ರೆರ್. ಸಾಹೇಬರ ಗೌರವಕ್ಕೆ. ಈಗಿನ ವಿಂಗಡಣೆಯಲ್ಲಿ ಕುಲದ ಹೆಸರು ಬದಲಾಗಿ 'ಬೌಸೆರೋಸಿಯಾ ಫ್ರೆರೈ' ಅಂತಾರೆ. ಕುಲ ಹೋದರೂ ಗವರ್ನರ್ ಉಳಿದರು!

ಕಥೆ ಇಲ್ಲಿಗೆ ಮುಗಿಯಲ್ಲ. ಇದೇ ಫ್ರೆರ್ 1877ರಲ್ಲಿ ಕೇಪ್ ಟೌನ್‌ಗೆ ಹೋದರು, ಕೇಪ್ ವಸಾಹತಿನ ಗವರ್ನರ್ ಮತ್ತು ದಕ್ಷಿಣ ಆಫ್ರಿಕದ ಹೈ ಕಮಿಷನರ್ ಆಗಿ. 1878ರ ಡಿಸೆಂಬರಿನಲ್ಲಿ ಝುಲು ರಾಜ ಸೆಟ್ಶ್ವಾಯೊಗೆ ಒಪ್ಪಿಕೊಳ್ಳೋಕೆ ಸಾಧ್ಯವೇ ಇಲ್ಲದಂಥ ಷರತ್ತುಗಳ ಪತ್ರ ಕಳಿಸಿದರು. 1879ರ ಜನವರಿಯಲ್ಲಿ ಬ್ರಿಟಿಷ್ ಸೈನ್ಯ ಝುಲು ನಾಡಿಗೆ ನುಗ್ಗಿತು. ಇಸಾಂಡ್ಲ್‌ವಾನದಲ್ಲಿ ಝುಲು ಪಡೆ ಅವರನ್ನ ಸದೆಬಡಿಯಿತು, ಆದರೆ ಜುಲೈ ಹೊತ್ತಿಗೆ ಝುಲು ರಾಜ್ಯವೇ ಬಿತ್ತು.

ಫ್ರೆರ್ ಕೇಪ್‌ಗೆ ಹೋದ ಅದೇ 1877ರಲ್ಲಿ, ಕ್ಯೂನ ಎನ್.ಇ. ಬ್ರೌನ್ ನಮ್ಮ ಮೊದಲ ಫೋಟೋದ ದೈತ್ಯ ಹೂವಿಗೆ 'ಸ್ಟೆಪೀಲಿಯಾ ಜೈಗ್ಯಾಂಟಿಯಾ' ಅಂತ ಹೆಸರಿಟ್ಟ. ಎರಡೂ ಒಂದೇ ವರ್ಷ ಆಗಿದ್ದು ಕಾಕತಾಳೀಯ. ಆದರೂ ನರ್ಸರಿಯಲ್ಲಿ "ಝುಲು ಜೈಂಟ್" ಅನ್ನೋ ಚೀಟಿ ನೋಡಿದಾಗ ಆ ಹೆಸರಿನ ಜನಕ್ಕೆ ಆಗ ಏನಾಯ್ತು ಅಂತ ಒಮ್ಮೆ ನೆನೆಸಿಕೊಳ್ಳಿ.

7/10
"ಹೆಸರಲ್ಲಿ ಏನಿದೆ ಬಿಡಿ" ಅಂತ ನಿಮಗೆ ಅನ್ನಿಸಿರಬಹುದು. ಅದಕ್ಕೆ ಈ ಭಾಗ.

ಮ್ಯಾಸನ್ ಪುಸ್ತಕದಲ್ಲಿ ಇನ್ನೊಂದು ಗಿಡ ಇತ್ತು. ಈಗ ಅದಕ್ಕೆ 'ಹೂಡಿಯಾ ಗಾರ್ಡೋನಿ' ಅಂತ ಹೆಸರು. 'ಗಾರ್ಡನ್' ಅದರ ಚಿತ್ರ ಬರೆಸಿದ ಸೇನಾಧಿಕಾರಿ. 'ಹೂಡಿಯಾ' ಬಂದದ್ದು ರಸಭರಿತ ಗಿಡಗಳನ್ನ ಪ್ರೀತಿಯಿಂದ ಬೆಳೆಸ್ತಿದ್ದ ಒಬ್ಬರಿಂದ. ಕಲಹಾರಿ ಕಡೆಯ ಸಾನ್ ಜನ ಬೇಟೆಗೆ ಹೋದಾಗ ಹಸಿವು ಬಾಯಾರಿಕೆ ತಡೆಯೋಕೆ ಇದರ ಕಾಂಡ ಅಗಿಯುತ್ತಿದ್ದರು.

ದಕ್ಷಿಣ ಆಫ್ರಿಕದಲ್ಲೂ ಸಿಎಸ್‌ಐಆರ್ ಅನ್ನೋ ಸರ್ಕಾರಿ ಸಂಶೋಧನಾ ಸಂಸ್ಥೆ ಇದೆ. ನಮ್ಮ ಸಿಎಸ್‌ಐಆರ್ ಬೇರೆ, ಅದು ಬೇರೆ. ಆ ಸಂಸ್ಥೆ ಹಸಿವು ಕಡಿಮೆ ಮಾಡೋ ಅಂಶವನ್ನ ಬೇರ್ಪಡಿಸಿ 1995ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿತು. ಆಮೇಲೆ ಬ್ರಿಟನ್ನಿನ ಫೈಟೋಫಾರ್ಮ್ ಕಂಪನಿಗೆ ಹಕ್ಕು ಕೊಟ್ಟಿತು, ಅಲ್ಲಿಂದ ಫೈಜರ್‌ಗೆ ಹೋಯಿತು. ಬೊಜ್ಜು ಕರಗಿಸೋ ಮಾತ್ರೆ ಅಂದರೆ ಕೋಟ್ಯಂತರ ಡಾಲರ್ ಕನಸು. ಇದೆಲ್ಲ ನಡೀತಿರುವಾಗ ಸಾನ್ ಜನರನ್ನ ಯಾರೂ ಕೇಳಿರಲಿಲ್ಲ. 2001ರಲ್ಲಿ ಬ್ರಿಟಿಷ್ ಪತ್ರಿಕೆಯಲ್ಲಿ ಸುದ್ದಿ ಬಂದ ಮೇಲೆ ಗಲಾಟೆ ಆಯ್ತು. 2003ರಲ್ಲಿ ಒಪ್ಪಂದವಾಯ್ತು. ಔಷಧ ಬೆಳವಣಿಗೆಯ ಹಂತಗಳಲ್ಲಿ ಸಿಎಸ್‌ಐಆರ್‌ಗೆ ಬರೋ ಹಣದಲ್ಲಿ ಶೇ. 8, ರಾಯಲ್ಟಿಯಲ್ಲಿ ಶೇ. 6 ಸಾನ್ ಜನರಿಗೆ. ನೆನಪಿರಲಿ, ಇದು ಸಿಎಸ್‌ಐಆರ್‌ನ ಪಾಲಿನೊಳಗಿನ ಪಾಲು, ಕಂಪನಿ ಲಾಭದ್ದಲ್ಲ.

ಅದೇ ವರ್ಷ ಫೈಜರ್ ಕೈಬಿಟ್ಟಿತು. ಯೂನಿಲಿವರ್ ಬಂತು, ಅದೂ 2008ರಲ್ಲಿ ಹಿಂದೆ ಸರಿಯಿತು. ದೊಡ್ಡ ಹಣ ಬರಲೇ ಇಲ್ಲ. ಈ ನಡುವೆ ಮಾರುಕಟ್ಟೆಯಲ್ಲಿ "ಹೂಡಿಯಾ" ಅಂತ ಏನೇನೋ ಮಾರಾಟವಾಯ್ತು. ಕಾಡಿನ ಗಿಡದ ಮೇಲೆ ಒತ್ತಡ ಹೆಚ್ಚಿದ್ದರಿಂದ 2004ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣ ಹಾಕಿದರು.

ನಮ್ಮ ಕಾರಲ್ಲೂಮಾ ಕೂಡ ಇದೇ ದಾರಿ ಹಿಡಿಯಿತು. 2007ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರು 50 ಜನರ ಮೇಲೆ 60 ದಿನ ಅದರ ಸಾರ ಕೊಟ್ಟು ನೋಡಿದ ಅಧ್ಯಯನ ಪ್ರಕಟವಾಯ್ತು. ಹಸಿವು ಮತ್ತು ಸೊಂಟದ ಸುತ್ತಳತೆ ಸ್ವಲ್ಪ ಇಳಿದಿತ್ತು, ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಹಾಗಾಗಿ ಇದನ್ನ ಓದಿ ಗುಡ್ಡಕ್ಕೆ ಹೋಗಿ ಕಿತ್ತು ತಿನ್ನಬೇಡಿ, ಪ್ಲೀಸ್.

ಈಗ ಹೇಳಿ. "ಇದು ನಮಗೆ ಮೊದಲೇ ಗೊತ್ತಿತ್ತು" ಅಂತ ಒಂದು ಜನ ಸಾಬೀತು ಮಾಡಬೇಕಾದರೆ ಏನು ಬೇಕು? ಎಲ್ಲೋ ಒಂದು ಕಡೆ ಬರೆದಿಟ್ಟ ಹೆಸರು ಬೇಕು.

8/10
ಮ್ಯಾಸನ್ ಕಾಲ ಮುಗೀತು, ಈಗ ಎಲ್ಲ ಚೆನ್ನಾಗಿದೆ ಅಂದ್ಕೋಬೇಡಿ. ಈಗ ಹಡಗು ಬೇಡ, ಫೋನು ಸಾಕು.

2019ರ ನಂತರ ದಕ್ಷಿಣ ಆಫ್ರಿಕ ಮತ್ತು ನಮೀಬಿಯಾದ ಒಣ ಪ್ರದೇಶಗಳಲ್ಲಿ ಪುಟ್ಟ ರಸಭರಿತ ಗಿಡಗಳ ಕಳ್ಳತನ ವಿಪರೀತ ಆಯ್ತು. ಕಾನೊಫೈಟಮ್ ಅನ್ನೋ ಗುಂಡುಕಲ್ಲಿನಂಥ ಗಿಡ ಮುಖ್ಯ ಗುರಿ. ಲಾಕ್‌ಡೌನ್‌ನಲ್ಲಿ ಮನೆಯೊಳಗೆ ಕೂತ ಜಗತ್ತು ಗಿಡ ಕೊಳ್ಳೋಕೆ ಶುರು ಮಾಡಿತ್ತು, ಬೇಡಿಕೆ ಬಂದಿದ್ದು ಆನ್‌ಲೈನ್‌ನಿಂದ. ಅಧಿಕಾರಿಗಳು ವಶಪಡಿಸಿಕೊಂಡ ಗಿಡಗಳೇ ಲಕ್ಷಗಟ್ಟಲೆ. ಗುಡ್ಡ ಹತ್ತಿ ಕೀಳೋದು ಬಹುಮಟ್ಟಿಗೆ ಕೆಲಸ ಇಲ್ಲದ ಸ್ಥಳೀಯ ಬಡವರು. ಅವರಿಗೆ ಸಿಗೋದು ಪುಡಿಗಾಸು, ಸಿಕ್ಕಿಬಿದ್ದರೆ ಜೈಲು. ಲಾಭ ನಡುವಿನವರಿಗೆ. ಒಂದು ಸಣ್ಣ ಗುಡ್ಡದಲ್ಲಿ ಮಾತ್ರ ಇರೋ ಜಾತಿ ಒಂದೇ ರಾತ್ರಿಯಲ್ಲಿ ಖಾಲಿ ಆಗಬಹುದು.

ಹಾಗಂತ ಗಿಡ ಬೆಳೆಸೋದೇ ಬೇಡ ಅಂತ ನಾನು ಹೇಳಲ್ಲ. ಈ ದೊಡ್ಡ ಸ್ಟೆಪೀಲಿಯಾ ತುಂಡಿನಿಂದ ಸುಲಭವಾಗಿ ಹಬ್ಬುತ್ತೆ. ಕಾಡಿನಿಂದ ತರೋ ಅಗತ್ಯವೇ ಇಲ್ಲ. ಹೀಗೆ ಮಾಡಿ:

• ಮೊದಲು ಅಕ್ಕಪಕ್ಕದ ಮನೆ, ಕಾಲೇಜಿನ ತೋಟ, ಗಿಡದ ಹುಚ್ಚಿರೋ ಆಂಟಿ ಹತ್ರ ಒಂದು ತುಂಡು ಕೇಳಿ. ಯಾರೂ ಇಲ್ಲ ಅನ್ನಲ್ಲ.
• ಕೊಳ್ಳೋದಾದರೆ "ಇಲ್ಲೇ ತುಂಡಿನಿಂದ, ಬೀಜದಿಂದ ಬೆಳೆಸಿದ್ದಾ?" ಅಂತ ಕೇಳಿ.
• ಅಪರೂಪದ್ದು, ಕಾಡಿನಿಂದ ಬಂದದ್ದು ಅಂತ ಹೆಮ್ಮೆಯಿಂದ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.
• ಗಿಡದ ಮೈಮೇಲೆ ಹಳೇ ಗಾಯ, ಮುರಿದ ಬೇರು, ಅಂಟಿದ ಕಲ್ಲುಮಣ್ಣು ಇದ್ದರೆ ಅದು ಕಿತ್ತು ತಂದ ಗಿಡ ಇರಬಹುದು.
• ಟ್ರೆಕ್ಕಿಂಗ್ ಹೋದಾಗ ಕಾರಲ್ಲೂಮಾ ಕಂಡರೆ ಫೋಟೋ ಸಾಕು. ಜಾಗದ ಲೊಕೇಶನ್ ಹಾಕಬೇಡಿ. ಕಳ್ಳರೂ ನಮ್ಮ ಪೋಸ್ಟ್ ನೋಡ್ತಾರೆ.

9/10
ಸೇವ್ ಮಾಡ್ಕೊಳ್ಳಿ, ಇದು ಬೆಳೆಸೋ ಭಾಗ.

ತುಂಡು: ಕವಲು ಒಡೆದ ಜಾಗದಲ್ಲಿ, ಬೆರಳುದ್ದದ ಕಾಂಡ ಕತ್ತರಿಸಿ. ತಕ್ಷಣ ನೆಡಬೇಡಿ. ನೆರಳಿನಲ್ಲಿ 5–7 ದಿನ ಪೇಪರ್ ಮೇಲೆ ಇಡಿ. ಕತ್ತರಿಸಿದ ಬಾಯಿ ಒಣಗಿ ಗಟ್ಟಿಯಾಗಬೇಕು. ಹಸಿಯಾಗಿ ನೆಟ್ಟರೆ ಅಲ್ಲಿಂದಲೇ ಕೊಳೆ ಶುರು.

ಕುಂಡ: ಅಗಲ ಜಾಸ್ತಿ, ಆಳ ಕಡಿಮೆ. ಬೇರು ಮೇಲ್ಮೇಲೆ ಹರಡುತ್ತೆ. ಮಣ್ಣಿನ ಕುಂಡ ಒಳ್ಳೇದು, ಬೇಗ ಒಣಗುತ್ತೆ. ತಳದಲ್ಲಿ ತೂತು ಇರಲೇಬೇಕು.

ಮಣ್ಣು: ಒಂದು ಪಾಲು ಕೆಮ್ಮಣ್ಣು, ಒಂದೂವರೆ ಪಾಲು ದಪ್ಪ ಮರಳು ಅಥವಾ ಜರಡಿ ಹಿಡಿದ ಇಟ್ಟಿಗೆ ಚೂರು, ಅರ್ಧ ಪಾಲು ಎರೆಗೊಬ್ಬರ. ನೀರು ಹಾಕಿದರೆ ಮೇಲೆ ನಿಲ್ಲದೆ ಇಳಿದುಹೋಗಬೇಕು. ನಿಂತರೆ ಇನ್ನಷ್ಟು ಚೂರು ಸೇರಿಸಿ.

ನೆಡೋದು: ತುಂಡನ್ನ ಆಳಕ್ಕೆ ಹೂಳಬೇಡಿ. ಬುಡ ಸ್ವಲ್ಪ ಮಣ್ಣಿಗೆ ತಾಗಿದರೆ ಸಾಕು, ಮಲಗಿಸಿ ಇಟ್ಟರೂ ಬೇರು ಬಿಡುತ್ತೆ. ಮೊದಲ ವಾರ ನೀರು ಬೇಡ, ಆಮೇಲೆ ಲಘುವಾಗಿ ಶುರು ಮಾಡಿ.

ಬಿಸಿಲು: ಬೆಳಗಿನ ಮೂರು ನಾಲ್ಕು ಗಂಟೆ ನೇರ ಬಿಸಿಲು, ಮಧ್ಯಾಹ್ನ ನೆರಳು. ಪೊದೆಯ ಬುಡ ನೆನಪಿದೆಯಲ್ಲ? ಪೂರ್ವ ದಿಕ್ಕಿನ ಬಾಲ್ಕನಿ ಇದ್ದರೆ ನೀವೇ ರಾಜರು. ಪೂರ್ತಿ ಕತ್ತಲೆ ಮೂಲೆಯಲ್ಲಿಟ್ಟರೆ ಕಾಂಡ ಸಣಕಲಾಗಿ ಉದ್ದವಾಗುತ್ತೆ, ಹೂ ಬಿಡಲ್ಲ.

ನೀರು: ವಾರ ಲೆಕ್ಕ ಹಾಕಬೇಡಿ, ಬೆರಳು ಹಾಕಿ ನೋಡಿ. ಎರಡು ಇಂಚು ಒಣಗಿದ್ದರೆ ಪೂರ್ತಿ ನೆನೆಯುವಷ್ಟು ಹಾಕಿ, ಮತ್ತೆ ಒಣಗೋವರೆಗೆ ಮುಟ್ಟಬೇಡಿ. ಡಿಸೆಂಬರ್–ಜನವರಿಯಲ್ಲಿ ಇನ್ನೂ ಕಡಿಮೆ. ಕರಾವಳಿ, ಮಲೆನಾಡಿನವರು ಜೂನ್ ಬರೋದ್ರೊಳಗೆ ಸೂರಿನ ಕೆಳಗೆ ಸರಿಸಿ. ಬಿಸಿಲಿಗಿಂತ ಬಿಡದೆ ಹೊಡೆಯೋ ಮಳೆಯೇ ಇದಕ್ಕೆ ಯಮ.

ಕಾಯಿಲೆ: ಕಾಂಡ ಕಪ್ಪಾಗಿ ಮೆತ್ತಗಾದರೆ ಕೊಳೆ. ಹಸಿರು ಕಾಣೋವರೆಗೆ ಕತ್ತರಿಸಿ ಎಸೆದು, ಉಳಿದಿದ್ದನ್ನ ಒಣಗಿಸಿ ಹೊಸ ಮಣ್ಣಿಗೆ ಹಾಕಿ. ಸಂದಿಯಲ್ಲಿ ಹತ್ತಿಯಂಥ ಬಿಳಿ ಚುಕ್ಕೆ ಇದ್ದರೆ ಹಿಟ್ಟು ತಿಗಣೆ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಗಿಡ ಕಾರಣವಿಲ್ಲದೆ ಸೊರಗಿದರೆ ಕುಂಡದಿಂದ ತೆಗೆದು ಬೇರು ನೋಡಿ, ಅಲ್ಲೂ ಅಡಗಿರ್ತವೆ.

10/10
ಹೂವಿನ ಕಾಲ. ಗಿಡ ಚೆನ್ನಾಗಿ ಹಬ್ಬಿ, ಬಿಸಿಲು ಸಿಕ್ಕಿದ್ದರೆ, ಸಾಮಾನ್ಯವಾಗಿ ಮಳೆ ಕಡಿಮೆಯಾಗೋ ಹೊತ್ತಿಗೆ ಕಾಂಡದ ಬುಡದಲ್ಲಿ ಮೊಗ್ಗು ಬರುತ್ತೆ. ಮೊದಲು ಪುಟ್ಟ ಗೋಪುರ, ಆಮೇಲೆ ಗಾಳಿ ತುಂಬಿದ ಬಲೂನ್. ಈ ಹೊತ್ತಲ್ಲಿ ಕುಂಡದ ಜಾಗ ಪದೇ ಪದೇ ಬದಲಿಸಬೇಡಿ, ಮೊಗ್ಗು ಉದುರಬಹುದು. ಅರಳಿದ ಹೂ ಎರಡು ಮೂರು ದಿನ ಇರುತ್ತೆ. ಆ ದಿನಗಳಲ್ಲಿ ಅಡುಗೆಮನೆ ಕಿಟಕಿಯಿಂದ ದೂರ ಇಡಿ, ಮನೆಯವರ ಶಾಂತಿಗಾಗಿ. ಹೂವಿನ ನಡುವೆ ಬಿಳಿ ಮೊಟ್ಟೆ ಕಂಡರೆ ಹೆದರಬೇಡಿ, ಅದು ಮೋಸ ಹೋದ ನೊಣದ್ದು. ಬಾಡಿದ ಹೂವನ್ನ ಕಿತ್ತು ಹಾಕಿ.

ಗಿಡ ಜಾಸ್ತಿಯಾದರೆ ಹಂಚಿ, ಖಾಲಿ ಸೈಟಿಗೋ ಗುಡ್ಡಕ್ಕೋ ಎಸೆಯಬೇಡಿ. 1644ರ ಪುಸ್ತಕದಲ್ಲಿದ್ದ ಆ ಚುಕ್ಕೆ ಹೂವಿನ ಗಿಡ ತೋಟದಿಂದ ತಪ್ಪಿಸಿಕೊಂಡು ದಕ್ಷಿಣ ಆಸ್ಟ್ರೇಲಿಯಾದಲ್ಲಿ ಕಳೆಯಾಗಿ ಹಬ್ಬಿದೆ. ನಮ್ಮ ಗುಡ್ಡ ಕಾರಲ್ಲೂಮಾದ ಮನೆ, ಅಲ್ಲಿ ಅತಿಥಿಯನ್ನ ಬಿಡೋದು ಬೇಡ.

ಕೊನೆಗೆ ನಿಮಗೊಂದು ಕೆಲಸ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಪ್ರಾಣಿ, ಅವುಗಳ ಬಗ್ಗೆ ಜನಕ್ಕಿರೋ ತಿಳಿವಳಿಕೆ ಎಲ್ಲವನ್ನೂ ಅದು 'ಜನತಾ ಜೀವವೈವಿಧ್ಯ ದಾಖಲಾತಿ'ಯಲ್ಲಿ ಬರೆದಿಡಬೇಕು. ಹೂಡಿಯಾ ಕಥೆ ಮರುಕಳಿಸಬಾರದು ಅಂದರೆ ನಮ್ಮ ಕೈಲಿರೋ ಆಯುಧ ಇದೇ. ಆದರೆ ಆ ಪುಸ್ತಕ ತುಂಬೋದು ಯಾರಾದರೂ ಹೋಗಿ ಕೇಳಿದರೆ ಮಾತ್ರ.

ಹಾಗಾಗಿ ಈ ರಜೆಗೆ ಊರಿಗೆ ಹೋದಾಗ ಕಾರಲ್ಲೂಮಾ ಫೋಟೋವನ್ನ ನಿಮ್ಮ ಅಜ್ಜಿಗೆ, ಕುರಿ ಕಾಯೋ ದೊಡ್ಡಪ್ಪನಿಗೆ ತೋರಿಸಿ. "ಇದಕ್ಕೆ ನೀವು ಏನಂತೀರಿ? ತಿಂತಿದ್ರಾ? ಯಾವ ಕಾಲದಲ್ಲಿ?" ಅಂತ ಕೇಳಿ. ಊರಿನ ಹೆಸರು, ಗಿಡದ ಹೆಸರು, ಹೇಳಿದವರು ಒಪ್ಪಿದರೆ ಅವರ ಹೆಸರೂ ಸೇರಿಸಿ ಬರೆದುಕೊಳ್ಳಿ. ಪಂಚಾಯಿತಿಗೆ ಒಂದು ಪ್ರತಿ ಕೊಡಿ. ಗಿಡದ ಹೆಸರು ಮತ್ತು ಜಿಲ್ಲೆಯನ್ನ ಇಲ್ಲಿ ಕಾಮೆಂಟಿನಲ್ಲೂ ಹಾಕಿ, ಎಲ್ಲ ಸೇರಿಸಿ ಒಂದು ಪಟ್ಟಿ ಮಾಡೋಣ.

ತೆಲುಗಿನ ಹೆಸರು 1795ರಲ್ಲೇ ಅಚ್ಚಾಯ್ತು. ಕನ್ನಡದ ಹೆಸರುಗಳನ್ನ ಕೇಳಿ ಬರೆದುಕೊಳ್ಳೋ ಸರದಿ ಈಗ ನಿಮ್ಮದು.

#ಗಿಡದಹಿಂದಿನಕಥೆ #ಸ್ಟೆಪೀಲಿಯಾ #ಕಾರಲ್ಲೂಮಾ #ನಮ್ಮಗುಡ್ಡನಮ್ಮಹೆಸರು #ಕನ್ನಡದಲ್ಲಿಇತಿಹಾಸ